ಪತ್ತನಾಜೆ ಕಳೆದ ಮೇಲೆ ಆಟಗಾರ ಯಾರವನು?

2024ರ ಸೆಪ್ಟೆಂಬರ್. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಾಪು ಪೇಟೆಯ ಒಂದು ಹೋಟೆಲಿನಲ್ಲಿ ನಾವು ಮೂವರು ಗೋಳಿಬಜೆ ತಿನ್ನುತ್ತಾ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಮಣಿಪಾಲದಲ್ಲಿ ಓದುವ ನಾಲ್ಕು ಹುಡುಗರು. ಒಬ್ಬ ಕೋಲ್ಕತಾದವನು, ಒಬ್ಬ ಕಾಸರಗೋಡಿನವನು, ಇನ್ನಿಬ್ಬರು ನಮ್ಮ ಕಡೆಯವರೇ. ಜಗಳ ಫುಟ್ಬಾಲಿನದ್ದು. ಅನ್ವರ್ ಅಲಿ ಎಂಬ ಡಿಫೆಂಡರ್ ಮೋಹನ್ ಬಾಗನ್ ಬಿಟ್ಟು ಈಸ್ಟ್ ಬೆಂಗಾಲ್‌ಗೆ ಹೋದದ್ದು ಸರಿಯೋ ತಪ್ಪೋ ಅಂತ. "ಕಾಂಟ್ರಾಕ್ಟ್ ಅಂದ್ರೆ ಕಾಂಟ್ರಾಕ್ಟ್" ಎಂದು ಒಬ್ಬ. "ಅವನೇನು ದನವಾ, ಕಟ್ಟಿ ಹಾಕ್ಲಿಕ್ಕೆ?" ಎಂದು ಇನ್ನೊಬ್ಬ.

ಗಲ್ಲೆಯ ಹತ್ತಿರ ಚಾ ಕುಡಿಯುತ್ತಿದ್ದ ಹಿರಿಯರೊಬ್ಬರು ತಿರುಗಿ, "ಎಂತ ಮಾರಾಯ್ರೆ ಗಲಾಟೆ?" ಎಂದರು. ಹುಡುಗರು ವಿವರಿಸಿದರು. ಪೂರ್ತಿ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವ ಹೋದದ್ದು ಪತ್ತನಾಜೆಗೆ ಮೊದಲಾ, ನಂತರವಾ? ಅದನ್ನು ಹೇಳಿ ಮೊದಲು."

ಹುಡುಗರು ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಆಟಗಾರರ ಒಪ್ಪಂದದ ನೂರು ವರ್ಷಕ್ಕೂ ಮಿಕ್ಕ ಇತಿಹಾಸವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ ಎಂದು ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಹೆಚ್ಚಾಗಿ ಮೇ 24ರ ಆಚೀಚೆ ಬರುತ್ತದೆ. ಅಲ್ಲಿಗೆ ಕೋಲ, ನೇಮ, ಆಟ ಎಲ್ಲ ನಿಲ್ಲುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ದೀಪಾವಳಿ ಕಳೆದು ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟುವವರೆಗೆ ಮಧ್ಯದಲ್ಲಿ ಮಳೆಗಾಲ. ಯಾವ ಕಲಾವಿದ ಯಾವ ಮೇಳಕ್ಕೆ ಎಂಬ ಮಾತೆಲ್ಲ ನಡೆಯುವುದು ಆ ಮಳೆಗಾಲದಲ್ಲಿ. ಫುಟ್ಬಾಲಿನವರು ಈಗ ಟ್ರಾನ್ಸ್‌ಫರ್ ವಿಂಡೋ ಎನ್ನುತ್ತಾರಲ್ಲ, ಅದು ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸೋಗೆಯ ಮಾಡಿನಡಿ ಮೊದಲಿನಿಂದಲೂ ಇತ್ತು.

ಡೇರೆ ಮೇಳಗಳ ಭರಾಟೆಯ ಕಾಲದಲ್ಲಿ ಇದು ಸಣ್ಣ ವಿಷಯ ಆಗಿರಲಿಲ್ಲ. ಟಿಕೇಟು ಇಟ್ಟು ಆಟ ಆಡಿಸುವ ಯಜಮಾನರಿಗೆ ಒಬ್ಬ ಭಾಗವತ, ಒಬ್ಬ ಎರಡನೇ ವೇಷಧಾರಿ ಹೋದರೆ ಡೇರೆಯ ಅರ್ಧ ಖಾಲಿ. ಸಾಲಿಗ್ರಾಮ ಮೇಳದಲ್ಲಿ ಕಾಳಿಂಗ ನಾವಡರು ಹಾಡುತ್ತಿದ್ದ ಕಾಲದಲ್ಲಿ ಜನ ಪ್ರಸಂಗದ ಹೆಸರು ನೋಡುವ ಮೊದಲು ಭಾಗವತರ ಹೆಸರು ನೋಡುತ್ತಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತಮ್ಮ ಬಾಳಿನಲ್ಲಿ ಒಂದೇ ಮೇಳಕ್ಕೆ ಅಂಟಿಕೊಂಡವರಲ್ಲ. ಅವರು ಹೋದ ಕಡೆ ಅಭಿಮಾನಿಗಳೂ ಹೋದರು. 'ಈ ವರ್ಷ ಅವರು ಪೆರ್ಡೂರಿಗಂತೆ' ಎಂಬ ಸುದ್ದಿ ಕಟ್ಟೆ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಓಡಾಡುತ್ತಿತ್ತು. ಬೆಂಬಲಿಸುವವರು, ಬೈಯುವವರು ಎರಡೂ ಪಕ್ಷ ಇದ್ದೇ ಇತ್ತು.

ಅಲ್ಲಿನ ರೂಢಿ ಸರಳ. ವೀಳ್ಯ ತೆಗೆದುಕೊಂಡ ಮೇಲೆ ಆ ತಿರುಗಾಟ ಮುಗಿಸಬೇಕು. ಮಧ್ಯದಲ್ಲಿ ಬಿಟ್ಟು ಹೋಗುವುದು ಮರ್ಯಾದೆಯಲ್ಲ. ಪತ್ತನಾಜೆ ಆಯಿತೋ, ಕಲಾವಿದ ಸ್ವತಂತ್ರ. ಹಳೆ ಯಜಮಾನರು ಬೇಸರ ಮಾಡಿಕೊಳ್ಳಬಹುದು, ತಡೆಯುವ ಹಾಗಿಲ್ಲ.

ಮಾತಿಗೆ ಸರಳ, ಹೌದು. ಮಳೆಗಾಲದಲ್ಲಿ ಕಲಾವಿದನ ಮನೆಯಲ್ಲಿ ಸಂಬಳ ಇಲ್ಲ, ಖರ್ಚು ಇದೆ. ಆಗ ಯಜಮಾನರಿಂದ ಮುಂಗಡ ತರುತ್ತಾರೆ. ಮುಂಗಡ ತೀರದೆ ಮುಂದಿನ ತಿರುಗಾಟವೂ ಅದೇ ಮೇಳದಲ್ಲಿ. ಕಾಗದದಲ್ಲಿ ಬಿಡುಗಡೆ ಇದ್ದರೂ ಕೈಸಾಲದಲ್ಲಿ ಇರುವುದಿಲ್ಲ. ದೊಡ್ಡ ಹೆಸರಿನವರನ್ನು ಕರೆದ ಹೊಸ ಯಜಮಾನರು ಹಳೆ ಬಾಕಿ ತೀರಿಸಿ ಕೊಂಡೊಯ್ಯುತ್ತಾರೆ. ಗುಂಪಿನ ವೇಷದ ಹುಡುಗನ ಬಾಕಿ ಯಾರು ತೀರಿಸುತ್ತಾರೆ? ಇನ್ನೊಂದು ಬದಿಯೂ ಇದೆ: ಕಲಾವಿದನಿಗೆ ಹೋಗುವ ಹಕ್ಕಿದ್ದ ಹಾಗೆ ಮೇಳಕ್ಕೆ ಕೈಬಿಡುವ ಹಕ್ಕೂ ಇದೆಯಾ, ಇದ್ದರೆ ಯಾವಾಗ? 2019ರ ನವೆಂಬರಿನಲ್ಲಿ ತಿರುಗಾಟ ಶುರುವಾಗುವ ಹೊತ್ತಿಗೇ ಭಾಗವತ ಪಟ್ಲ ಸತೀಶ್ ಶೆಟ್ಟಿಯವರನ್ನು ಕಟೀಲು ಮೇಳದಿಂದ ಕೈಬಿಟ್ಟಾಗ ಊರಿಗೆ ಊರೇ ಎರಡು ಪಕ್ಷವಾದದ್ದು ನಿಮಗೆಲ್ಲ ನೆನಪಿದೆ. ಮರುವರ್ಷ ಪಾವಂಜೆ ಮೇಳ ಹೊರಟಿತು. ಆ ಜಗಳದಲ್ಲಿ ಯಾರು ಸರಿ ಎಂದು ಹೇಳಲು ನಾವು ಹೊರಟಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗ ನಡೆದ ವಾದವನ್ನೇ ಹೆಸರು ಬದಲಿಸಿದರೆ ಅದು ಆ ದಿನ ಕಾಪುವಿನ ಹೋಟೆಲಿನಲ್ಲಿ ಕೇಳಿದ ವಾದ.

ಈಗ ಇಂಗ್ಲೆಂಡಿಗೆ ಬನ್ನಿ. ಫುಟ್ಬಾಲ್ ಕಾಂಟ್ರಾಕ್ಟಿನ ಕಥೆ ಶುರುವಾಗುವುದು ಅಲ್ಲಿ.

1893ರಿಂದ ಅಲ್ಲಿನ ಲೀಗ್ ಒಂದು ಪದ್ಧತಿ ಇಟ್ಟುಕೊಂಡಿತ್ತು. ಪ್ರತಿ ವರ್ಷದ ಕೊನೆಗೆ ಕ್ಲಬ್ ಒಂದು ಪಟ್ಟಿ ಮಾಡುತ್ತದೆ: ಇವರನ್ನು ಇಟ್ಟುಕೊಳ್ಳುತ್ತೇವೆ, ಇವರನ್ನು ಮಾರುತ್ತೇವೆ. ಇಟ್ಟುಕೊಳ್ಳುವವರ ಪಟ್ಟಿಯಲ್ಲಿ ಹೆಸರಿದ್ದರೆ ಒಪ್ಪಂದ ಮುಗಿದಿದ್ದರೂ ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಹೊಸ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಸಂಬಳವೂ ಇಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪತ್ತನಾಜೆ ಕಳೆದಿದೆ, ಗೆಜ್ಜೆ ಬಿಚ್ಚಿ ಆಗಿದೆ. ಆದರೂ ಯಜಮಾನರು "ನಿನಗೆ ನನ್ನಲ್ಲಿ ವೇಷವೂ ಇಲ್ಲ, ಬೇರೆ ಮೇಳದಲ್ಲಿ ನೀನು ಗೆಜ್ಜೆ ಕಟ್ಟುವ ಹಾಗೂ ಇಲ್ಲ" ಎಂದ ಹಾಗೆ. ಅದರ ಮೇಲೆ ಸಂಬಳಕ್ಕೆ ಮಿತಿ ಬೇರೆ. 1961ರ ಜನವರಿಯವರೆಗೂ ಎಷ್ಟು ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡ್ ದಾಟುವಂತಿರಲಿಲ್ಲ. ಆಟಗಾರರ ಸಂಘ ಮುಷ್ಕರಕ್ಕೆ ತಯಾರಾದ ಮೇಲೆಯೇ ಆ ಮಿತಿ ಬಿದ್ದದ್ದು.

ಪಟ್ಟಿಯ ಪದ್ಧತಿಯನ್ನು ಎದುರಿಸಿದವನು ಜಾರ್ಜ್ ಈಸ್ಟ್‌ಹ್ಯಾಮ್, ನ್ಯೂಕ್ಯಾಸಲ್ ಕ್ಲಬ್ಬಿನವನು. 1960ರಲ್ಲಿ ಒಪ್ಪಂದ ಮುಗಿಯಿತು, ಬೇರೆ ಕಡೆ ಹೋಗುತ್ತೇನೆಂದ. ಕ್ಲಬ್ ಬಿಡಲಿಲ್ಲ. ಅವನು ಸಹಿ ಹಾಕಲಿಲ್ಲ. ಚೆಂಡು ಬಿಟ್ಟು, ಬಿರಡೆ ಮಾಡುವ ಕಾರ್ಕ್ ಮಾರುವ ಕೆಲಸಕ್ಕೆ ಹೋದ. ಕಡೆಗೆ ಕ್ಲಬ್ಬೇ ಸೋತು ಅವನನ್ನು 47,500 ಪೌಂಡಿಗೆ ಆರ್ಸೆನಲ್‌ಗೆ ಕೊಟ್ಟಿತು. ಬೇರೆ ಯಾರಾದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು, ಅವನ ಕೆಲಸ ಆಗಿತ್ತಲ್ಲ. ಆದರೆ ಸಂಘದ ಬೆಂಬಲದಿಂದ ಅವನು ಕೇಸು ಮುಂದುವರಿಸಿದ. 1963ರಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್ ಹೇಳಿದರು: ಅವಧಿ ಮುಗಿದ ಮೇಲೂ ಆಟಗಾರನನ್ನು ಹೀಗೆ ಹಿಡಿದಿಡುವುದು ಅವನ ದುಡಿಯುವ ಹಕ್ಕಿಗೆ ಅನ್ಯಾಯದ ತಡೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನು ಅದಕ್ಕಿಂತ ಎಷ್ಟೋ ಹಿಂದಿನಿಂದ ಇತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಯಾರದೇ ಕಸುಬು, ವ್ಯಾಪಾರಕ್ಕೆ ತಡೆ ಹಾಕುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಇದನ್ನು ಆಟಗಾರನೊಬ್ಬನ ವಿಷಯದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 2006ರಲ್ಲಿ, ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ. ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಕಂಪೆನಿಯ ಜೊತೆ ಮೂರು ವರ್ಷದ ಒಪ್ಪಂದ ಇತ್ತು. ಅದರಲ್ಲಿ ಒಂದು ಷರತ್ತು: ಅವಧಿ ಮುಗಿದ ಮೇಲೆ ಬೇರೆಯವರು ಏನು ಕೊಡುತ್ತೇವೆ ಎನ್ನುತ್ತಾರೋ ಅದನ್ನು ಮೊದಲು ನಮಗೆ ಹೇಳಬೇಕು, ಅಷ್ಟನ್ನು ನಾವೂ ಕೊಟ್ಟರೆ ನಮ್ಮಲ್ಲೇ ಇರಬೇಕು. ಅವಧಿ ಮುಗಿದ ಮೇಲೆ ಇಂಥ ಷರತ್ತು ನಿಲ್ಲುವುದಿಲ್ಲ ಎಂದಿತು ಕೋರ್ಟ್. ಅವಧಿಯ ಒಳಗೆ ಕಟ್ಟಿ ಹಾಕಬಹುದು, ಆಚೆಗೆ ಆಗದು. ಹೋಟೆಲಿನ ಹಿರಿಯರು ಕಾಯ್ದೆ ಪುಸ್ತಕ ತೆರೆಯದೆ ಕೇಳಿದ್ದು ಇದನ್ನೇ.

ಕರ್ನಾಟಕದ ಫುಟ್ಬಾಲ್ ಕಥೆ ಬೇರೆ ದಾರಿಯಲ್ಲಿ ಹೋಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದವರು ಬೆಂಗಳೂರಿನ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕೋಲ್ಕತಾದ ಈಸ್ಟ್ ಬೆಂಗಾಲ್ ಸೇರಿದರು. ಅವರಿದ್ದ ಐವರ ಮುಂಚೂಣಿ ಸಾಲನ್ನು ಬಂಗಾಳಿಗಳು 'ಪಂಚಪಾಂಡವರು' ಎಂದೇ ಕರೆದರು. ಕೋಲ್ಕತಾದಲ್ಲೂ ಆಟಗಾರರು ವರ್ಷ ವರ್ಷ ಸಹಿ ಹಾಕುವ ಪದ್ಧತಿ ಇತ್ತು, ಅಂದರೆ ಅಲ್ಲಿಯದೂ ಒಂದು ರೀತಿಯ ಪತ್ತನಾಜೆ. ಅಲ್ಲಿನ ತಮಾಷೆ ಬೇರೆ. ಸಹಿ ಹಾಕುವ ದಿನ ಬರುವವರೆಗೆ ಆಟಗಾರನನ್ನು ಎದುರಾಳಿ ಕ್ಲಬ್ಬಿನ ಕಣ್ಣಿಗೆ ಬೀಳದ ಹಾಗೆ ಯಾರದೋ ಮನೆಯಲ್ಲಿ ಬಚ್ಚಿಡುವುದು, ಇನ್ನೊಂದು ಪಕ್ಷ ಬಂದು ಎತ್ತಿಕೊಂಡು ಹೋಗುವುದು, ಇವೆಲ್ಲ ಅಲ್ಲಿ ಪ್ರತಿವರ್ಷದ ಸುದ್ದಿ. ಆಟಗಾರ ಸ್ವತಂತ್ರನಾಗಿದ್ದ ಕಾರಣಕ್ಕೇ ಅವನನ್ನು ಅಡಗಿಸಬೇಕಾಗಿ ಬಂತು ಎನ್ನಿ.

ಬೆಂಗಳೂರಿನಲ್ಲೇ ಉಳಿದವರಿಗೆ ಐಟಿಐ, ಎಚ್ಎಎಲ್‌ನಂಥ ಕಾರ್ಖಾನೆಗಳ ತಂಡ. ಒಪ್ಪಂದ ಎಂದರೆ ಅಲ್ಲಿ ನೌಕರಿಯ ಆರ್ಡರ್. ಸಂಬಳ ಕಡಿಮೆ, ಬೇರೆ ಕ್ಲಬ್ಬಿಗೆ ಹೋಗಬೇಕೆಂದರೆ ನೌಕರಿ ಬಿಡಬೇಕು. ಆದರೆ ಮೊಣಕಾಲು ಕೆಟ್ಟರೂ ತಿಂಗಳ ಸಂಬಳ ನಿಲ್ಲುವುದಿಲ್ಲ. ಇಂದಿನ ಅಭಿಮಾನಿಗಳು 'ಆಫೀಸ್ ಟೀಮ್' ಎಂದು ತಮಾಷೆ ಮಾಡುವುದನ್ನು ಕೇಳಿದ್ದೇವೆ. ಸಂತೋಷ್ ಟ್ರೋಫಿಯನ್ನು ಆಗಿನ ಮೈಸೂರು ನಾಲ್ಕು ಸಲ ಗೆದ್ದದ್ದು 1969ರ ಒಳಗೆ. ಮತ್ತೆ ಕರ್ನಾಟಕ ಗೆದ್ದದ್ದು 2023ರಲ್ಲಿ, ರಿಯಾದ್‌ನಲ್ಲಿ. ಆ 54 ವರ್ಷಗಳ ಕಥೆಯಲ್ಲಿ ಕಾರ್ಖಾನೆ ತಂಡಗಳು ಸೊರಗಿದ್ದೂ ಸೇರಿದೆ ಎಂಬುದು ನಮ್ಮ ಅಭಿಪ್ರಾಯ.

ಯುರೋಪಿನಲ್ಲಿ ಈಸ್ಟ್‌ಹ್ಯಾಮ್ ಗೆದ್ದ ಮೇಲೂ ಕ್ಲಬ್ಬುಗಳು ಒಂದು ಹಿಡಿತ ಇಟ್ಟುಕೊಂಡಿದ್ದವು. ಒಪ್ಪಂದ ಮುಗಿದವನನ್ನು ಬೇರೆ ಕ್ಲಬ್ ಕರೆದರೆ ಹಳೆ ಕ್ಲಬ್ಬಿಗೆ ದುಡ್ಡು ಕೊಡಬೇಕು. ಬೆಲ್ಜಿಯಂನ ಜಾನ್ ಮಾರ್ಕ್ ಬೊಸ್ಮನ್ ದೊಡ್ಡ ಆಟಗಾರನೇನಲ್ಲ. 1990ರಲ್ಲಿ ಲಿಯೇಜ್ ಕ್ಲಬ್ಬಿನ ಜೊತೆ ಅವನ ಒಪ್ಪಂದ ಮುಗಿಯಿತು. ಕ್ಲಬ್ ಹೊಸ ಒಪ್ಪಂದಕ್ಕೆ ಮೊದಲಿನ ಸಂಬಳದ ಕಾಲು ಭಾಗ ಕೊಡುತ್ತೇನೆಂದಿತು. ಫ್ರಾನ್ಸಿನ ಡಂಕರ್ಕ್ ಕ್ಲಬ್ ಕರೆಯಿತು. ದುಡ್ಡಿನ ವಿಷಯದಲ್ಲಿ ಹಳೆ ಕ್ಲಬ್ ಅಡ್ಡ ನಿಂತಿತು. ಐದು ವರ್ಷ ಕೋರ್ಟು ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಹೇಳಿತು: ಯುರೋಪಿನ ಒಕ್ಕೂಟದೊಳಗೆ ಒಪ್ಪಂದ ಮುಗಿದ ಆಟಗಾರ ಬೇರೆ ದೇಶದ ಕ್ಲಬ್ಬಿಗೆ ಹೋಗುವಾಗ ಹಳೆ ಕ್ಲಬ್ ದುಡ್ಡು ಕೇಳುವಂತಿಲ್ಲ. ಇಂದು ಕೋಟಿಗಟ್ಟಲೆ ದುಡಿಯುವ ಆಟಗಾರರೆಲ್ಲ ಅವನಿಗೆ ಕೈ ಮುಗಿಯಬೇಕು. ಅವನಿಗೆ ಸಿಕ್ಕಿದ್ದು ಮಾತ್ರ ಕಡಿಮೆ. ತೀರ್ಪು ಬರುವಷ್ಟರಲ್ಲಿ ಆಡುವ ವಯಸ್ಸು ಮುಗಿಯುತ್ತಾ ಬಂದಿತ್ತು, ಆಮೇಲೆ ಕುಡಿತ, ಖಿನ್ನತೆ.

ಕ್ಲಬ್ಬುಗಳು ಇದಕ್ಕೆ ಬೇಗ ಉಪಾಯ ಕಂಡುಕೊಂಡವು. ಮುಗಿದ ಮೇಲೆ ಹಿಡಿಯಲು ಆಗದಿದ್ದರೆ ಮುಗಿಯದ ಹಾಗೆ ನೋಡಿಕೊಂಡರಾಯಿತು. ನಾಲ್ಕು ವರ್ಷ, ಐದು ವರ್ಷದ ಒಪ್ಪಂದ, ಮಧ್ಯದಲ್ಲೇ ಮಾರಾಟ. ಪತ್ತನಾಜೆಯನ್ನೇ ಐದು ವರ್ಷಕ್ಕೊಮ್ಮೆ ಮಾಡಿದ ಹಾಗೆ.

ಅನ್ವರ್ ಅಲಿಯ ಜಗಳ ಬರುವುದು ಇಲ್ಲಿ. ಪಂಜಾಬಿನ ಈ ಹುಡುಗನಿಗೆ 2019ರಲ್ಲಿ ಹೃದಯದ ತೊಂದರೆ ಇದೆ ಎಂದು ಗೊತ್ತಾಯಿತು. ಫುಟ್ಬಾಲ್ ಫೆಡರೇಷನ್ ಆಡಬೇಡ ಎಂದಾಗ ದೆಹಲಿ ಹೈಕೋರ್ಟಿಗೆ ಹೋದ. ಮತ್ತೆ ಮೈದಾನಕ್ಕೆ ಬಂದದ್ದು ಡೆಲ್ಲಿ ಎಫ್‌ಸಿ ಮೂಲಕ. ಅವರು ಅವನನ್ನು ಮೋಹನ್ ಬಾಗನ್‌ಗೆ ನಾಲ್ಕು ವರ್ಷದ ಎರವಲು ಕೊಟ್ಟರು. ಒಂದೇ ವರ್ಷ ಕಳೆದಾಗ ಅವನು ಅದನ್ನು ಮುರಿದು, ಡೆಲ್ಲಿ ಮೂಲಕವೇ ಈಸ್ಟ್ ಬೆಂಗಾಲ್‌ಗೆ ಹೋದ. 2024ರ ಸೆಪ್ಟೆಂಬರ್ 10ರಂದು ಫೆಡರೇಷನ್ನಿನ ಸಮಿತಿ ತೀರ್ಮಾನ ಕೊಟ್ಟಿತು: ಅನ್ವರ್‌ಗೆ ನಾಲ್ಕು ತಿಂಗಳ ನಿಷೇಧ, ಅವನು, ಈಸ್ಟ್ ಬೆಂಗಾಲ್, ಡೆಲ್ಲಿ ಎಫ್‌ಸಿ ಮೂವರೂ ಸೇರಿ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕು. ಎರಡೂ ಕ್ಲಬ್ಬುಗಳು ಎರಡು ವಿಂಡೋ ಹೊಸ ಆಟಗಾರರನ್ನು ತೆಗೆದುಕೊಳ್ಳುವಂತಿಲ್ಲ. ಕಾರಣವನ್ನೇ ಬರೆಯದೆ ಕೊಟ್ಟ ಆ ಆದೇಶ ದೆಹಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು ಹೊಸದಾಗಿ ವಿಚಾರಣೆ ಎಂದಾಯಿತು. ಅನ್ವರ್ ಈಸ್ಟ್ ಬೆಂಗಾಲ್ ಪರ ಆಡಿದ.

ಹಿರಿಯರ ಪ್ರಶ್ನೆಗೆ ಉತ್ತರ: ಪತ್ತನಾಜೆಗೆ ಮೊದಲೇ ಹೋದದ್ದು. ಆ ಲೆಕ್ಕದಲ್ಲಿ ತಪ್ಪು ಅವನದ್ದು, ಪರಿಹಾರ ಕೇಳಿದ್ದು ನ್ಯಾಯ. ಆದರೆ ಎಷ್ಟು ಪರಿಹಾರ? 20 ದಾಟಿದ ಹುಡುಗನ ತಲೆ ಮೇಲೆ ಕೋಟಿಗಳ ಭಾರ ಹೊರಿಸಿದರೆ, ಬಿಟ್ಟು ಹೋಗಬಹುದು ಎಂಬ ಮಾತಿಗೆ ಅರ್ಥ ಉಳಿಯುತ್ತದೆಯಾ? ಮೇಳದ ಮುಂಗಡದ ಕಥೆಯೇ ಇದು, ಸೊನ್ನೆ ಹೆಚ್ಚು ಅಷ್ಟೆ. ಅದೇ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ ಫ್ರಾನ್ಸಿನ ಲಸಾನಾ ದಿಯಾರಾ ಪ್ರಕರಣದಲ್ಲಿ, ಒಪ್ಪಂದ ಮುರಿದವನಿಗೂ ಅವನನ್ನು ಕರೆದ ಹೊಸ ಕ್ಲಬ್ಬಿಗೂ ಒಟ್ಟಿಗೆ ದಂಡ ಹಾಕುವ ಫಿಫಾ ನಿಯಮಗಳಲ್ಲಿ ಕೆಲವು ಅಲ್ಲಿನ ಕಾನೂನಿಗೆ ವಿರುದ್ಧ ಎಂದಿತು.

ಫುಟ್ಬಾಲ್ ನಮಗೆ ದೂರದ್ದು ಎನ್ನುವವರು ಕಬಡ್ಡಿ ನೋಡಿ. 2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ. 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ತೆಲುಗು ಟೈಟನ್ಸ್‌ನಲ್ಲಿ ಆಡಿ, 2017ರಲ್ಲಿ ಗುಜರಾತ್ ತಂಡದ ನಾಯಕನಾಗಿ ಫೈನಲ್ ತನಕ ಹೋಗಿ, 2019ರಲ್ಲಿ ಬೆಂಗಾಲ್ ವಾರಿಯರ್ಸ್ ಗೆದ್ದಾಗ ಆ ತಂಡದಲ್ಲಿದ್ದರು. ಊರಿನ ಹುಡುಗ ಯಾವ ಬಣ್ಣದ ಬನಿಯನ್ ಹಾಕಿದ್ದಾನೋ ಆ ವರ್ಷ ನಮ್ಮ ಟೀಮು ಅದೇ.

ಅಲ್ಲಿ 'ಫೈನಲ್ ಬಿಡ್ ಮ್ಯಾಚ್' ಎಂಬ ನಿಯಮ ಇದೆ. ಹರಾಜಿನಲ್ಲಿ ಬೇರೆ ತಂಡ ಒಂದು ಬೆಲೆ ಕೂಗಿದ ಮೇಲೆ ಹಳೆ ತಂಡ "ಅಷ್ಟೇ ನಾವು ಕೊಡ್ತೇವೆ" ಎಂದು ಕಾರ್ಡ್ ಎತ್ತಿದರೆ ಆಟಗಾರ ಅವರವನೇ. 2018ರಲ್ಲಿ ರಿಶಾಂಕ್ ದೇವಾಡಿಗರನ್ನು ಯುಪಿ ಯೋಧಾ 1.11 ಕೋಟಿಗೆ ಹೀಗೇ ಉಳಿಸಿಕೊಂಡಿತು. ಜಹೀರ್ ಖಾನ್ ಕೇಸಿನ ಷರತ್ತು ನೆನಪಾಗುತ್ತದೆ. ಹರಾಜಿನ ನಿಯಮಕ್ಕೆ ಆಟಗಾರ ಮೊದಲೇ ಸಹಿ ಹಾಕಿರುತ್ತಾನೆ, ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಕಾರ್ಡ್ ಎತ್ತುವಾಗ ಟಿವಿಯಲ್ಲಿ ಎಲ್ಲರ ಮುಖ ತೋರಿಸುತ್ತಾರೆ, ಆ ಆಟಗಾರನ ಇಷ್ಟ ಏನು ಎಂದು ಯಾರೂ ಕೇಳುವುದಿಲ್ಲ.

ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010, 2014ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ತಂಡದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರ ಬದುಕಿಗೆ ಆಧಾರವಾದದ್ದು ರೈಲ್ವೆಯ ನೌಕರಿ. ಪ್ರೊ ಕಬಡ್ಡಿಯ ಜೊತೆಗೆ 2016ರಲ್ಲಿ ಮೂರೇ ತಂಡಗಳ ಮಹಿಳಾ ಟೂರ್ನಿ ನಡೆಯಿತು, ಮರುವರ್ಷ ಇಲ್ಲ. ಮಾರಾಟವಾಗುವ ಹುಡುಗರ ಹಕ್ಕಿನ ಬಗ್ಗೆ ನಾವು ಇಷ್ಟು ಬರೆದೆವು; ಆ ಹುಡುಗಿಯರನ್ನು ಕೊಳ್ಳುವವರೂ ಆಗ ಇರಲಿಲ್ಲ.

ಇನ್ನು ನಮ್ಮ ಊರುಗಳ ಪ್ರೀಮಿಯರ್ ಲೀಗ್. ಈಗ ಅದಿಲ್ಲದ ಗ್ರಾಮ ಕಡಿಮೆ. ಅಲ್ಲೂ ಓನರ್ ಇದ್ದಾರೆ, ಪಾಯಿಂಟ್ ಲೆಕ್ಕದ ಹರಾಜು ಇದೆ. ಒಂದು ಸಂಜೆಗೆ ಅಣ್ಣ ಒಂದು ಟೀಮು, ತಮ್ಮ ಇನ್ನೊಂದು. ಅದು ತಮಾಷೆ, ಇರಲಿ. ಮರುದಿನ ಬೆಳಿಗ್ಗೆ ಎಲ್ಲರೂ ಸ್ವತಂತ್ರರು.

ಎಲ್ಲರದ್ದೂ ಹಾಗಲ್ಲ. ನಮ್ಮ ಬಳಗದ ಒಬ್ಬನ ತಮ್ಮ, ಕಾರ್ಕಳ ಬದಿಯವನು, ಒಳ್ಳೆಯ ಗೋಲ್‌ಕೀಪರ್. 19ನೇ ವಯಸ್ಸಿಗೆ ಒಂದು ದೂರದ ಕ್ಲಬ್ ಜೊತೆ ಎರಡು ವರ್ಷದ ಕಾಗದಕ್ಕೆ ಸಹಿ ಹಾಕಿದ. ಇಂಗ್ಲಿಷಿನ ಹನ್ನೊಂದು ಪುಟ. ಮನೆಯಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕಿದರು, ಯಾರೂ ಓದಲಿಲ್ಲ, ನಾವೂ ಓದಲಿಲ್ಲ. ಎರಡನೇ ವರ್ಷ ಮೊಣಕಾಲಿಗೆ ಪೆಟ್ಟು. ಖರ್ಚು ಮನೆಯವರದ್ದು, ಸಂಬಳ ಬಂದ್. ಬೇರೆ ಕಡೆ ಆಡುತ್ತೇನೆ ಎಂದರೆ ಎನ್‌ಒಸಿ ಕೊಡಲಿಲ್ಲ.

ಆಗ ಕೂತು ಆ ಕಾಗದ ಓದಿದೆವು. ಮೂರು ಜಾಗ ಹುಡುಕಿದೆವು. ಅವಧಿ ಮುಗಿಯುವ ತಾರೀಕು. ಗಾಯವಾದರೆ ಚಿಕಿತ್ಸೆ ಯಾರ ಲೆಕ್ಕ ಎಂಬ ಸಾಲು. ಇನ್ನೊಂದು ವರ್ಷ ಮುಂದುವರಿಸುವ ಆಯ್ಕೆ ಯಾರ ಕೈಯಲ್ಲಿ ಎಂಬ ಸಾಲು. ಗಾಯದ ಸಾಲು ಇರಲೇ ಇಲ್ಲ. ಮುಂದುವರಿಸುವ ಆಯ್ಕೆ ಇದ್ದದ್ದು ಕ್ಲಬ್ಬಿನ ಕೈಯಲ್ಲಿ ಮಾತ್ರ, ಅದನ್ನೂ ಅವಧಿ ಮುಗಿಯುವ ಒಂದು ತಿಂಗಳ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು ಎಂದಿತ್ತು. ನಮ್ಮ ದೇಶದ ಫುಟ್ಬಾಲ್ ಒಪ್ಪಂದಗಳು ಹೆಚ್ಚಾಗಿ ಮುಗಿಯುವುದು ಮೇ 31ಕ್ಕೆ. ಇವನದ್ದೂ ಹಾಗೇ.

ಏಪ್ರಿಲ್ ಪೂರ್ತಿ ಅವನ ಅಮ್ಮ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಮಗ ಮೊಬೈಲಿನಲ್ಲಿ ಮೇಲ್ ನೋಡುತ್ತಿದ್ದ. ಯಾವ ಪತ್ರವೂ ಬರಲಿಲ್ಲ. ಪತ್ತನಾಜೆ ದಿನ ಊರಿನ ದೇವಸ್ಥಾನದಲ್ಲಿ ಮೇಳದವರ ಕೊನೆಯ ಆಟ ಇತ್ತು, ಬೆಳಗಿನ ಜಾವ ಮಂಗಳ ಹಾಡಿ ಗೆಜ್ಜೆ ಬಿಚ್ಚುವವರೆಗೂ ಅವನು ನಮ್ಮ ಜೊತೆ ಕೂತಿದ್ದ. "ಇವರದ್ದು ಇವತ್ತಿಗೆ ಮುಗೀತು, ನಂದು ಇನ್ನು ಏಳು ದಿನ" ಎಂದ. ಜೂನ್ ಒಂದರಂದು ಮಳೆಯಲ್ಲೇ ಬೈಕ್ ಹತ್ತಿ ಮಣಿಪಾಲದ ಮೈದಾನಕ್ಕೆ ಹೋದ, ಗ್ಲೌಸ್ ಹಿಡಿದುಕೊಂಡು.